ಸ್ಟಾರ್‌ಬೋರ್ಡ್ ಅಂದರೆ ನಕ್ಷತ್ರದ ಹಲಗೆಯಾ? ಈ ಪದ ಎಲ್ಲಿಂದ ಬಂತು?

ಪದಬೇಟೆ

ಎಲ್ಲರಿಗೂ ನಮಸ್ಕಾರ. ಒಂದು ಕಡಲಯಾನದ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಕ್ಕೆ ಎರಡು ಸಲ ಸ್ಟಾರ್‌ಬೋರ್ಡ್ ಅನ್ನುವ ಪದ ಬರುತ್ತದೆ. ನಿಘಂಟಿನಲ್ಲಿ 'ಹಡಗಿನ ಬಲಗಡೆ' ಅಂತ ಇದೆ. ನಾನೂ ಎಲ್ಲ ಕಡೆ 'ಬಲಗಡೆ' ಅಂತಲೇ ಬರೆದುಕೊಂಡು ಹೋದೆ. ನಲವತ್ತು ಪುಟ ಆದ ಮೇಲೆ ಸಿಕ್ಕಿಹಾಕಿಕೊಂಡೆ. ಒಬ್ಬ ನಾವಿಕ ಹಡಗಿನ ಹಿಂಭಾಗಕ್ಕೆ ಮುಖ ಮಾಡಿ ನಿಂತಿದ್ದಾನೆ, ಅಲೆ ಬಡಿದಾಗ ಎಡಗೈ ಚಾಚಿ ಸ್ಟಾರ್‌ಬೋರ್ಡ್ ಕಡೆಯ ಕಟಕಟೆ ಹಿಡಿದುಕೊಳ್ಳುತ್ತಾನೆ. ನನ್ನ ಅನುವಾದದಲ್ಲಿ ಅವನು ಎಡಗೈ ಚಾಚಿ ಬಲಗಡೆಯ ಕಟಕಟೆ ಹಿಡಿದ ಹಾಗಾಯಿತು. ಓದುವವರಿಗೆ ತಲೆಬುಡ ತಿಳಿಯುವುದಿಲ್ಲ, ಅಲ್ವಾ?

ಹಾಗಾಗಿ ಎರಡು ಪ್ರಶ್ನೆ. ಈ ಪದದ ಮೂಲ ಏನು? ಸ್ಟಾರ್ ಅಂದರೆ ನಕ್ಷತ್ರ, ಬೋರ್ಡ್ ಅಂದರೆ ಹಲಗೆ. ರಾತ್ರಿ ನಕ್ಷತ್ರ ನೋಡಿ ದಾರಿ ಹಿಡಿಯಲು ಆ ಕಡೆ ಹಲಗೆ ಹಾಕಿಕೊಂಡು ಕೂರುತ್ತಿದ್ದರಾ? ಇನ್ನೊಂದು, ಕನ್ನಡದಲ್ಲಿ ಇದಕ್ಕೆ ಏನಂತ ಬರೆಯಬಹುದು?

ಸಂಜೆಗಾಳಿ

ನಾನೂ ನಕ್ಷತ್ರದ ಕಥೆಯನ್ನೇ ಕೇಳಿದ್ದೇನೆ. ಹಳೆಯ ಕಾಲದಲ್ಲಿ ನಾವಿಕರು ನಕ್ಷತ್ರ ನೋಡಿಯೇ ದಾರಿ ಹಿಡಿಯುತ್ತಿದ್ದರು, ಅದಂತೂ ನಿಜ. ಆದರೆ ಬಲಗಡೆಯಿಂದಲೇ ಯಾಕೆ ನೋಡಬೇಕು? ಆಕಾಶ ಎರಡೂ ಕಡೆ ಇರುತ್ತದೆ. ಅದೊಂದು ನನಗೆ ಯಾವಾಗಲೂ ಒಪ್ಪಿಗೆಯಾಗಿಲ್ಲ.

ನುಡಿಗಂಟು

ಸಂಜೆಗಾಳಿಯವರ ಅನುಮಾನ ಸರಿಯಾಗಿದೆ. ನಕ್ಷತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹಳೆಯ ಇಂಗ್ಲಿಷಿನಲ್ಲಿ ಇದು 'ಸ್ಟೇಓರ್‌ಬೋರ್ಡ್'. 'ಸ್ಟೇಓರ್' ಅಂದರೆ ಚುಕ್ಕಾಣಿ, ದಾರಿ ತಿರುಗಿಸುವ ಸಾಧನ. ಇವತ್ತು ಕಾರಿನಲ್ಲಿ ಹಿಡಿಯುವ ಸ್ಟೀರಿಂಗ್ ಇದೇ ಬೇರಿನದು. 'ಬೋರ್ಡ್' ಅಂದರೆ ಇಲ್ಲಿ ಹಡಗಿನ ಮಗ್ಗುಲು. ಓವರ್‌ಬೋರ್ಡ್ ಅನ್ನುವಾಗ ಬರುವುದೂ ಅದೇ ಬೋರ್ಡ್, ಮಗ್ಗುಲು ದಾಟಿ ನೀರಿಗೆ ಬಿದ್ದ ಅಂತ ಅರ್ಥ. ಒಟ್ಟಿನಲ್ಲಿ ಸ್ಟಾರ್‌ಬೋರ್ಡ್ ಅಂದರೆ ಚುಕ್ಕಾಣಿ ಇರುವ ಮಗ್ಗುಲು.

ಪದಬೇಟೆಯವರಿಗೆ ಅನುಮಾನ ಬಂದದ್ದು ಸಹಜ. ಹಳೆಯ ಇಂಗ್ಲಿಷಿನಲ್ಲಿ ನಕ್ಷತ್ರಕ್ಕೆ 'ಸ್ಟೇಓರ್ರ' ಅನ್ನುತ್ತಿದ್ದರು, ಕಿವಿಗೆ ತುಂಬಾ ಹತ್ತಿರ ಕೇಳುತ್ತದೆ. ಇಂಥ ಕಡೆ ಅಕ್ಕಪಕ್ಕದ ಭಾಷೆಗಳನ್ನು ಕೇಳಿನೋಡಬೇಕು. ಜರ್ಮನ್ನರು ಇದಕ್ಕೆ 'ಶ್ಟಾಯರ್‌ಬೋರ್ಡ್' ಅನ್ನುತ್ತಾರೆ. ಅವರಲ್ಲಿ ಶ್ಟಾಯರ್ ಅಂದರೆ ಚುಕ್ಕಾಣಿ, ನಕ್ಷತ್ರಕ್ಕೆ 'ಶ್ಟೆರ್ನ್'. ಡಚ್ಚರಲ್ಲಿ 'ಸ್ಟ್ಯೂರ್‌ಬೋರ್ಡ್', ನಕ್ಷತ್ರಕ್ಕೆ 'ಸ್ಟೆರ್'. ನಾರ್ವೆ ಕಡೆಯ ಹಳೆಯ ನಾರ್ಸ್ ಭಾಷೆಯಲ್ಲಿ ಚುಕ್ಕಾಣಿ ಹಿಡಿಯುವುದು 'ಸ್ಟ್ಯೋರ್ನ್', ನಕ್ಷತ್ರ 'ಸ್ಟ್ಯಾರ್ನ', ಹಡಗಿನ ಬಲಮಗ್ಗುಲಿಗೆ 'ಸ್ಟ್ಯೋರ್ನ್‌ಬೋರ್ಧಿ'. ಮೂರೂ ಕಡೆ ಎರಡು ಪದ ಬೇರೆ ಬೇರೆಯಾಗಿ ಉಳಿದಿವೆ, ಮೂರೂ ಕಡೆ ಹಡಗಿನ ಮಗ್ಗುಲಿಗೆ ಸೇರಿರುವುದು ಚುಕ್ಕಾಣಿಯೇ. ಇಂಗ್ಲಿಷಿನಲ್ಲಿ ಮಾತ್ರ ಸ್ವರ ಸವೆದು ಸ್ಟಾರ್ ಆಗಿ, ಈ ಗೊಂದಲ ಹುಟ್ಟಿದೆ.

ಸಂಜೆಗಾಳಿ

ಚುಕ್ಕಾಣಿ ಇರುವುದು ಹಡಗಿನ ಹಿಂದೆ, ನಟ್ಟನಡುವೆ ಅಲ್ವಾ? ಅದು ಮಗ್ಗುಲಿಗೆ ಹೇಗೆ ಬಂತು?

ಮರಗೆಲಸ

ಇದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ನನ್ನ ಕೈಯಲ್ಲೇ ಮಾಡಿ ನೋಡಿದ್ದೇನೆ. ಹಳೆಯ ಹಡಗುಗಳ ಚಿಕ್ಕ ಮಾದರಿ ಮಾಡುವುದು ನನ್ನ ಹವ್ಯಾಸ. ಹೋದ ವರ್ಷ ಗೋಕ್‌ಸ್ಟಾಡ್ ಹಡಗಿನ ಮಾದರಿ ಮಾಡಿದೆ. ಅದು ವೈಕಿಂಗ್ ಕಾಲದ ಹಡಗು, ನಾರ್ವೆಯಲ್ಲಿ 1880ರಲ್ಲಿ ಮಣ್ಣಿನ ದಿಬ್ಬದೊಳಗೆ ಸಿಕ್ಕಿತು. ಸಾವಿರ ವರ್ಷಕ್ಕಿಂತ ಹಳೆಯದು, ಸುಮಾರು 23 ಮೀಟರ್ ಉದ್ದ. ಚುಕ್ಕಾಣಿ ಸಮೇತ ಸಿಕ್ಕಿದೆ, ಆದ್ದರಿಂದ ಅದು ಹೇಗಿತ್ತು ಅಂತ ಊಹೆ ಮಾಡಬೇಕಾಗಿಲ್ಲ.

ಆ ಚುಕ್ಕಾಣಿ ನೋಡಲು ಒಂದು ದೊಡ್ಡ ಹುಟ್ಟಿನ ಹಾಗೆಯೇ ಇದೆ. ಮೇಲೆ ದುಂಡಗಿನ ಕತ್ತು, ಕೆಳಗೆ ಅಗಲವಾದ ಅಲಗು. ಹಡಗಿನ ಹಿಂತುದಿಯಿಂದ ಸ್ವಲ್ಪ ಮುಂದೆ, ಬಲಮಗ್ಗುಲ ಹೊರಗೆ ತೂಗುಹಾಕಿದ್ದಾರೆ. ಹಡಗಿನ ಹೊರಮೈಗೆ ಒಂದು ಮರದ ಗುಬುಟು ಬಡಿದಿದೆ. ಚುಕ್ಕಾಣಿಯ ನಡುವೆ ತೂತು, ಗುಬುಟಿನಲ್ಲಿ ತೂತು, ಹಡಗಿನ ಮೈಯಲ್ಲಿ ತೂತು. ಮೂರರಲ್ಲೂ ಬಳುಕುವ ಬಳ್ಳಿಯಂಥದ್ದನ್ನು ತೂರಿಸಿ ಒಳಗೆ ಬಿಗಿದು ಕಟ್ಟಿದ್ದಾರೆ. ಮೇಲೆ ಹಡಗಿನ ಅಂಚಿನ ಹತ್ತಿರ ಕತ್ತಿಗೆ ಇನ್ನೊಂದು ಪಟ್ಟಿ. ಕತ್ತಿನ ತುದಿಯಲ್ಲಿ ಒಂದು ಹಿಡಿ ಸಿಕ್ಕಿಸಿದೆ, ಅದು ಹಡಗಿನ ಒಳಕ್ಕೆ ಅಡ್ಡಲಾಗಿ ಚಾಚಿಕೊಂಡಿದೆ. ಹಿಡಿಯನ್ನು ತಳ್ಳಿದರೆ ಅಥವಾ ಎಳೆದರೆ ಇಡೀ ಅಲಗು ತನ್ನ ಕತ್ತಿನ ಮೇಲೆ ತಿರುಗುತ್ತದೆ. ಹುಟ್ಟು ಹಾಕಿದ ಹಾಗೆ ಬೀಸುವುದಲ್ಲ, ಬಾಗಿಲು ತಿರುಗಿದ ಹಾಗೆ ತಿರುಗುವುದು. ಮಾದರಿಯಲ್ಲಿ ಆ ಕಟ್ಟು ಸ್ವಲ್ಪ ಸಡಿಲವಾದರೂ ಅಲಗು ಅಲುಗಾಡುತ್ತಿತ್ತು, ಸ್ವಲ್ಪ ಜಾಸ್ತಿ ಬಿಗಿಯಾದರೆ ತಿರುಗುತ್ತಲೇ ಇರಲಿಲ್ಲ. ಮೂರು ಸಲ ಬಿಚ್ಚಿ ಕಟ್ಟಿದೆ. ಇಷ್ಟು ಸಣ್ಣದಕ್ಕೇ ಇಷ್ಟು ಪಾಡು, ಆಳೆತ್ತರಕ್ಕಿಂತ ದೊಡ್ಡ ಚುಕ್ಕಾಣಿಯನ್ನು ಅಲೆಗಳ ನಡುವೆ ಹದವಾಗಿ ಕಟ್ಟಿದವರ ಕೈ ಎಂಥದ್ದಿರಬೇಕು!

ಯಾಕೆ ಬಲಗಡೆ ಅಂದರೆ, ಜಾಸ್ತಿ ಜನ ಬಲಗೈಯವರು. ಹಡಗಿನ ಹಿಂದೆ ನಿಂತು ಒಂದೇ ಹುಟ್ಟಿನಿಂದ ದಾರಿ ತಿದ್ದಬೇಕೆಂದರೆ ಕೈ ತಾನಾಗಿಯೇ ಬಲಕ್ಕೆ ಹೋಗುತ್ತದೆ. ಮೊದಲು ಕೈಯಲ್ಲಿ ಹಿಡಿದ ಹುಟ್ಟು, ಆಮೇಲೆ ಅದೇ ಜಾಗದಲ್ಲಿ ಕಟ್ಟಿದ ಚುಕ್ಕಾಣಿ.

ಪದಬೇಟೆ

ಮರಗೆಲಸ ಅವರೇ, ಕಣ್ಣಿಗೆ ಕಟ್ಟಿದ ಹಾಗೆ ಹೇಳಿದಿರಿ. ಹಾಗಾದರೆ ಚುಕ್ಕಾಣಿಗೆ ಇಂಗ್ಲಿಷಿನಲ್ಲಿರುವ ರಡರ್ ಅನ್ನುವ ಪದ ಕೂಡ ಮೊದಲು ಹುಟ್ಟೇ ಆಗಿತ್ತಾ?

ನುಡಿಗಂಟು

ಹೌದು. ಅದರ ಹಳೆಯ ರೂಪಕ್ಕೆ 'ಹುಟ್ಟು' ಅಂತಲೇ ಅರ್ಥ, ದೋಣಿ ನಡೆಸುವ ಕ್ರಿಯಾಪದದ ಬೇರಿನಿಂದಲೇ ಬಂದದ್ದು. ಜರ್ಮನ್ನರು ಇವತ್ತಿಗೂ ಹುಟ್ಟಿಗೂ ಚುಕ್ಕಾಣಿಗೂ 'ರೂಡರ್' ಅನ್ನುವ ಒಂದೇ ಪದ ಬಳಸುತ್ತಾರೆ.

ಯುರೋಪಿನಲ್ಲಿ ಚುಕ್ಕಾಣಿ ನಟ್ಟನಡುವಿಗೆ ಬಂದದ್ದು ತಡವಾಗಿ. ಚೀನಾದಲ್ಲಿ ಕ್ರಿ.ಶ. 1ನೇ ಶತಮಾನದ ಮಣ್ಣಿನ ದೋಣಿಯ ಮಾದರಿಯೊಂದು ಸಮಾಧಿಯಲ್ಲಿ ಸಿಕ್ಕಿದೆ, ಅದರಲ್ಲಿ ಆಗಲೇ ಚುಕ್ಕಾಣಿ ಹಿಂದೆ ನಡುವಿನಲ್ಲಿದೆ. ಯುರೋಪಿನಲ್ಲಿ ಅದು ಚಿತ್ರಗಳಲ್ಲಿ ಕಾಣತೊಡಗುವುದು 12ನೇ ಶತಮಾನದ ಕೊನೆಯ ಹೊತ್ತಿಗೆ. ಬಾಲ್ಟಿಕ್ ಕಡಲಿನ ಎಲ್ಬಿಂಗ್ ಪಟ್ಟಣದ 1242ರ ಮುದ್ರೆಯ ಮೇಲೆ ಅಂಥ ಹಡಗಿನ ಚಿತ್ರ ಸ್ಪಷ್ಟವಾಗಿದೆ. ಅಂದರೆ ಚುಕ್ಕಾಣಿ ಬಲಮಗ್ಗುಲು ಬಿಟ್ಟು ಹೋಗಿ ಏಳೆಂಟು ನೂರು ವರ್ಷ ಆಗಿದೆ. ಮಗ್ಗುಲಿನ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಸಂಜೆಗಾಳಿ

ಒಂದು ಹಡಗಿನಲ್ಲಿ ಬಲಗಡೆ ಸಿಕ್ಕಿತು ಅಂದ ಮಾತ್ರಕ್ಕೆ ಆ ಪದ ಆಗಲೂ ಬಲಗಡೆಗೇ ಬಳಕೆಯಲ್ಲಿತ್ತು ಅಂತ ಹೇಗೆ ಹೇಳುವುದು? ಜಗಳಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳಬೇಕು ಅಂತ.

ನುಡಿಗಂಟು

ಒಳ್ಳೆಯ ಪ್ರಶ್ನೆ. ಇದಕ್ಕೆ ಸಿಗುವ ಪುರಾವೆ ನನಗೆ ತುಂಬಾ ಇಷ್ಟ.

ಇಂಗ್ಲೆಂಡಿನ ದೊರೆ ಆಲ್ಫ್ರೆಡ್ ಆಳಿದ್ದು 871ರಿಂದ 899ರವರೆಗೆ. ಅವನ ಬಳಿಗೆ ನಾರ್ವೆಯ ಓಹ್ತೆರೆ ಎಂಬ ನಾವಿಕ ಬಂದು ತನ್ನ ಪಯಣದ ಕಥೆ ಹೇಳುತ್ತಾನೆ. ಆ ಮಾತು ಹಳೆಯ ಇಂಗ್ಲಿಷಿನಲ್ಲಿ ಬರಹವಾಗಿ ಉಳಿದಿದೆ. ತನ್ನ ನಾಡಿನ ಉತ್ತರದ ತುದಿ ಎಲ್ಲಿಯವರೆಗೆ ಇದೆ ಅಂತ ನೋಡಲು ಅವನು ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೊರಟ. ಮೂರು ದಿನ ಬರಡು ನೆಲ ಸ್ಟೇಓರ್‌ಬೋರ್ಡ್ ಕಡೆ ಇತ್ತು, ತೆರೆದ ಕಡಲು 'ಬ್ಯಾಕ್‌ಬೋರ್ಡ್' ಕಡೆ ಇತ್ತು ಅನ್ನುತ್ತಾನೆ. ಈಗ ನಾರ್ವೆಯ ನಕ್ಷೆ ತೆಗೆದು ನೋಡಿ. ಅದರ ಪಶ್ಚಿಮ ಕರಾವಳಿ ಹಿಡಿದು ಉತ್ತರಕ್ಕೆ ಹೋದರೆ ನೆಲ ಪೂರ್ವಕ್ಕೆ, ಅಂದರೆ ಬಲಕ್ಕೆ. ಕಡಲು ಎಡಕ್ಕೆ. ಭೂಮಿಯೇ ಸಾಕ್ಷಿ ಹೇಳುತ್ತಿದೆ. ಸಾವಿರದ ನೂರು ವರ್ಷದ ಹಿಂದೆಯೂ ಆ ಪದಕ್ಕೆ ಬಲಮಗ್ಗುಲು ಅಂತಲೇ ಅರ್ಥ.

ಸಂಜೆಗಾಳಿ

ನಕ್ಷೆ ತೆಗೆದು ನೋಡಿದೆ. ಒಪ್ಪಿದೆ! ಆದರೆ ಆ 'ಬ್ಯಾಕ್‌ಬೋರ್ಡ್' ಏನು? ಎಡಗಡೆಗೆ ಪೋರ್ಟ್ ಅನ್ನುವುದಲ್ವಾ?

ನುಡಿಗಂಟು

ಎಡಮಗ್ಗುಲಿಗೆ ಇಂಗ್ಲಿಷಿನಲ್ಲಿ ಮೂರು ಹೆಸರು ಬಂದು ಹೋಗಿವೆ. ಬಲಕ್ಕೆ ಮೊದಲಿನಿಂದ ಒಂದೇ.

ಮೊದಲನೆಯದು ಬ್ಯಾಕ್‌ಬೋರ್ಡ್, ಬೆನ್ನಿನ ಮಗ್ಗುಲು. ಬಲಗಡೆಯ ಚುಕ್ಕಾಣಿಯ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಅದರತ್ತ ತಿರುಗಿ ನಿಂತರೆ ಬೆನ್ನು ಎಡಕ್ಕೆ ಬರುತ್ತದೆ, ಅದಕ್ಕೇ ಆ ಹೆಸರು ಅಂತ ವಿವರಿಸುತ್ತಾರೆ. ಜರ್ಮನ್, ಡಚ್, ಸ್ವೀಡಿಶ್ ಭಾಷೆಗಳಲ್ಲಿ ಇದು ಇವತ್ತಿಗೂ ಬಳಕೆಯಲ್ಲಿದೆ. ಫ್ರೆಂಚರ 'ಬಾಬೋರ್', ಸ್ಪೇನಿನವರ 'ಬಾಬೋರ್' ಎರಡೂ ಇಲ್ಲಿಂದಲೇ ಹೋದವು. ಇಂಗ್ಲಿಷಿನವರು ಮಾತ್ರ ಇದನ್ನು ಕೈಬಿಟ್ಟರು.

ಅವರು ಹಿಡಿದದ್ದು 'ಲ್ಯಾಡೆಬೋರ್ಡ್', ಸರಕು ತುಂಬುವ ಮಗ್ಗುಲು. 14ನೇ ಶತಮಾನದ ಬರಹದಲ್ಲಿ ಇದು ಸಿಗುತ್ತದೆ. ಆಮೇಲೆ ಸ್ಟಾರ್‌ಬೋರ್ಡ್ ಜೊತೆ ಹೇಳಿ ಹೇಳಿ, ಪ್ರಾಸ ಕೂಡಿ 'ಲಾರ್‌ಬೋರ್ಡ್' ಆಯಿತು.

ಮರಗೆಲಸ

ಸರಕು ತುಂಬುವ ಮಗ್ಗುಲು ಎಡವೇ ಯಾಕೆ ಆಗಬೇಕು ಅಂತ ನನ್ನ ಮಾದರಿಯನ್ನು ಒಂದು ಪುಸ್ತಕಕ್ಕೆ ಒತ್ತಿ ಇಟ್ಟಾಗ ಗೊತ್ತಾಯಿತು. ಬಲಮಗ್ಗುಲನ್ನು ಪುಸ್ತಕದ ಕಡೆ ಮಾಡಿದರೆ ಮೊದಲು ತಾಗುವುದು ಚುಕ್ಕಾಣಿ. ಹಡಗಿನ ಇಡೀ ಭಾರ ಆ ಒಂದು ಕಟ್ಟಿನ ಮೇಲೆ ಬೀಳುತ್ತದೆ. ನಿಜವಾದ ಕಟ್ಟೆಗೆ ನಿಜವಾದ ಹಡಗು ಹಾಗೆ ಒರಗಿದರೆ ಚುಕ್ಕಾಣಿ ಮುರಿಯುವುದು ಖಂಡಿತ. ಎಡಮಗ್ಗುಲು ಒರಗಿಸಿದರೆ ಏನೂ ತೊಂದರೆ ಇಲ್ಲ. ದಡಕ್ಕೆ ಎಡ, ನೀರಿಗೆ ಬಲ. ಹಲಗೆ ಹಾಕಿ ಮೂಟೆ ಹೊತ್ತು ಹತ್ತುವುದೆಲ್ಲ ಎಡಗಡೆಯಿಂದ.

ಹಳೇದೋಣಿ

ತಡವಾಗಿ ಬಂದೆ. ಸರಕು ಹಡಗುಗಳಲ್ಲಿ ಚುಕ್ಕಾಣಿ ಚಕ್ರ ಹಿಡಿದು ತುಂಬಾ ವರ್ಷ ಕೆಲಸ ಮಾಡಿದವನು ನಾನು. ಲಾರ್‌ಬೋರ್ಡ್ ಹೋಗಿ ಪೋರ್ಟ್ ಬಂದದ್ದು ಯಾಕೆ ಅಂತ ಕೆಲಸ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಗಾಳಿ ಬೀಸುತ್ತಿರುವಾಗ, ಅಲೆ ಹಡಗಿನ ಮೈಗೆ ಅಪ್ಪಳಿಸುತ್ತಿರುವಾಗ, ಇಪ್ಪತ್ತು ಅಡಿ ದೂರದಿಂದ ಒಬ್ಬ ಕೂಗುತ್ತಾನೆ ಅಂದುಕೊಳ್ಳಿ. ಮೊದಲ ಅಕ್ಷರ ಗಾಳಿಗೆ ಹಾರಿಹೋಗುತ್ತದೆ. ಕಿವಿಗೆ ಬೀಳುವುದು '…ಆರ್‌ಬೋರ್ಡ್' ಅಷ್ಟೇ. ಅದು ಸ್ಟಾರಾ, ಲಾರಾ? ಒಂದು ಬಲಕ್ಕೆ, ಒಂದು ಎಡಕ್ಕೆ. ಇದಕ್ಕಿಂತ ಅಪಾಯದ ಜೋಡಿ ಪದ ಹಡಗಿನಲ್ಲಿ ಇರಬಾರದು. ಅದಕ್ಕೇ ಚುಕ್ಕಾಣಿಯವನಿಗೆ ಆಜ್ಞೆ ಕೊಡುವಾಗ ಪೋರ್ಟ್ ಅನ್ನುವ ರೂಢಿ 17ನೇ ಶತಮಾನದಲ್ಲೇ ಇತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅಂತಲೇ ಹೇಳಬೇಕು ಅಂತ ಆಜ್ಞೆ ಹೊರಡಿಸಿತು. 1846ರ ಫೆಬ್ರವರಿಯಲ್ಲಿ ಅಮೆರಿಕದ ನೌಕಾಪಡೆಗೂ ಅದೇ ಆಜ್ಞೆ ಬಂತು, ಆಗ ಅಲ್ಲಿ ನೌಕಾ ಖಾತೆಯ ಕಾರ್ಯದರ್ಶಿ ಜಾರ್ಜ್ ಬ್ಯಾಂಕ್ರಾಫ್ಟ್.

ಪೋರ್ಟ್ ಅಂದರೆ ಬಂದರು. ಬಂದರಿನ ಕಟ್ಟೆಗೆ ಒರಗುವ ಮಗ್ಗುಲು. ಮರಗೆಲಸ ಅವರು ಹೇಳಿದ ಮಾತೇ ಇಲ್ಲೂ ಇದೆ.

ಕೂವೆಮರ

ಎಲ್ಲ ಸರಿ, ಆದರೆ ಸುಮ್ನೆ ಎಡ ಬಲ ಅಂದರೆ ಆಗುವುದಿಲ್ಲವಾ ಅಂತ ನನಗೂ ಮೊದಲು ಅನ್ನಿಸುತ್ತಿತ್ತು. ಒಂದು ಘಟನೆ ಆದ ಮೇಲೆ ಹಾಗೆ ಅನ್ನಿಸುವುದು ನಿಂತಿತು.

ಗೆಳೆಯನ ಜೊತೆ ಚಿಕ್ಕ ದೋಣಿಯಲ್ಲಿ ಹೋಗಿದ್ದೆ. ಎರಡು ಹುಟ್ಟು ಹಿಡಿದು ಎಳೆಯುವ ದೋಣಿ. ಅಂಥದ್ದರಲ್ಲಿ ಹುಟ್ಟು ಹಾಕುವವನು ಹಿಂದಕ್ಕೆ ಮುಖ ಮಾಡಿ ಕೂರುತ್ತಾನೆ, ದಾರಿ ಅವನ ಬೆನ್ನ ಹಿಂದೆ ಇರುತ್ತದೆ. ಗೆಳೆಯ ಎದುರಿಗೆ ಕೂತು ದಾರಿ ನೋಡುತ್ತಿದ್ದ. ನೀರಿನಲ್ಲಿ ಒಂದು ಕಂಬ ಇತ್ತು. ಅವನು 'ಬಲಕ್ಕೆ, ಬಲಕ್ಕೆ' ಅಂತ ಕೂಗಿದ. ನಾನು ನನ್ನ ಬಲಕ್ಕೆ ತಿರುಗಿಸಿದೆ. ಅವನು ಇನ್ನೂ ಜೋರಾಗಿ 'ಬಲಕ್ಕೆ!' ಅಂದ. ನಾನು ಇನ್ನೂ ಜೋರಾಗಿ ಅದೇ ಕಡೆ ಎಳೆದೆ. ಕಂಬಕ್ಕೆ ನೇರವಾಗಿ ಗುದ್ದಿದೆವು. ಒಂದು ಹುಟ್ಟಿನ ಅಲಗು ಸೀಳಿಹೋಯಿತು, ಗೆಳೆಯನ ಮೊಣಕಾಲು ತರಚಿತು. ಅವನು ಹೇಳಿದ್ದೂ ಸರಿ, ನಾನು ಮಾಡಿದ್ದೂ ಸರಿ. ಇಬ್ಬರ ಬಲ ಬೇರೆ ಬೇರೆ, ಅಷ್ಟೇ. ಅವತ್ತು ಅವನು ಸ್ಟಾರ್‌ಬೋರ್ಡ್ ಅಂದಿದ್ದರೆ ಇಬ್ಬರಿಗೂ ಇರುತ್ತಿದ್ದುದು ಒಂದೇ ಕಡೆ. ಅದು ನನ್ನದೂ ಅಲ್ಲ, ಅವನದೂ ಅಲ್ಲ, ದೋಣಿಯದು.

ಪದಬೇಟೆ

ಕೂವೆಮರ ಅವರೇ, ನನ್ನ ಅನುವಾದದ ತೊಡಕು ಇದೇ! ನನ್ನ ನಾವಿಕ ಕೂಡ ಹಿಂದಕ್ಕೆ ಮುಖ ಮಾಡಿಯೇ ನಿಂತಿದ್ದ. ಅವನ ಬಲ ಬೇರೆ, ಹಡಗಿನ ಬಲ ಬೇರೆ.

ಹಳೇದೋಣಿ

ಹಡಗಿನ ಬಲ ಅಂದ ಮೇಲೂ ಒಂದು ಗೊಂದಲ ನೂರಾರು ವರ್ಷ ಉಳಿದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಚುಕ್ಕಾಣಿ ಹಿಂದೆ ನಡುವಿಗೆ ಬಂದ ಮೇಲೆ ಅದಕ್ಕೆ ಉದ್ದದ ಹಿಡಿ ಇಟ್ಟರು. ಹಿಡಿಯನ್ನು ಬಲಕ್ಕೆ ತಳ್ಳಿದರೆ ನೀರಿನೊಳಗಿನ ಅಲಗು ಎಡಕ್ಕೆ ಹೋಗುತ್ತದೆ, ಹಡಗಿನ ಮೂತಿಯೂ ಎಡಕ್ಕೆ ತಿರುಗುತ್ತದೆ. ಆಗಿನ ಆಜ್ಞೆ ಹಿಡಿಯನ್ನು ಕುರಿತದ್ದು, ಹಡಗನ್ನಲ್ಲ. 'ಸ್ಟಾರ್‌ಬೋರ್ಡ್' ಅಂದರೆ ಹಿಡಿಯನ್ನು ಬಲಕ್ಕೆ ತಳ್ಳು ಅಂತ. ಹಡಗು ಹೋಗುವುದು ಎಡಕ್ಕೆ. ಆಮೇಲೆ ಚಕ್ರ ಬಂತು, ಚಕ್ರವನ್ನು ಯಾವ ಕಡೆ ತಿರುಗಿಸಿದರೆ ಹಡಗೂ ಆ ಕಡೆಗೇ ಹೋಗುವ ಹಾಗೆ ಜೋಡಿಸಿದರು, ಆದರೂ ಆಜ್ಞೆ ಮಾತ್ರ ಹಳೆಯದೇ. ಬಾಯಲ್ಲಿ ಬಲ, ಚಕ್ರ ಎಡಕ್ಕೆ!

ಟೈಟಾನಿಕ್ ಹಡಗಿನಲ್ಲಿ 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಮಂಜುಗಡ್ಡೆ ಕಂಡಾಗ ಅಧಿಕಾರಿ ಮರ್ಡಾಕ್ ಕೊಟ್ಟ ಆಜ್ಞೆ 'ಹಾರ್ಡ್ ಅ ಸ್ಟಾರ್‌ಬೋರ್ಡ್'. ಚಕ್ರ ಹಿಡಿದಿದ್ದವನು ರಾಬರ್ಟ್ ಹಿಚೆನ್ಸ್. ಹಡಗು ಎಡಕ್ಕೆ ತಿರುಗಿತು, ಬಲಮಗ್ಗುಲು ಗಡ್ಡೆಗೆ ಉಜ್ಜಿತು. ಇದನ್ನು ಓದಿದ ಕೆಲವರು 'ಬಲಕ್ಕೆ ಅಂದರೆ ಎಡಕ್ಕೆ ತಿರುಗಿಸಿಬಿಟ್ಟ' ಅಂತ ಹಿಚೆನ್ಸ್ ಮೇಲೆ ತಪ್ಪು ಹೊರಿಸುತ್ತಾರೆ. ನನಗೆ ಅದು ನೋವಿನ ಮಾತು. ಆಗಿನ ರೂಢಿಯಂತೆ ಅವನು ಮಾಡಿದ್ದು ಆಜ್ಞೆಯ ಪ್ರಕಾರವೇ. ಹಡಗನ್ನು ಎಡಕ್ಕೆ ತಿರುಗಿಸಬೇಕು ಅನ್ನುವುದೇ ಆಜ್ಞೆಯ ಅರ್ಥವಾಗಿತ್ತು.

ಕಡಲ ಸುರಕ್ಷತೆಯ ಬಗ್ಗೆ 1929ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ನಂತರ, 1930ರ ದಶಕದಲ್ಲಿ ಇದು ಸರಿಹೋಯಿತು. ಈಗ ಸ್ಟಾರ್‌ಬೋರ್ಡ್ ಅಂದರೆ ಚಕ್ರವೂ ಬಲಕ್ಕೆ, ಅಲಗೂ ಬಲಕ್ಕೆ, ಹಡಗೂ ಬಲಕ್ಕೆ.

ಸಂಜೆಗಾಳಿ

ಕೆಂಪು ಹಸಿರು ದೀಪಗಳಿಗೂ ಇದಕ್ಕೂ ಸಂಬಂಧ ಇದೆಯಾ ಸಾರ್?

ಹಳೇದೋಣಿ

ಇದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಪ್ರತಿ ದೀಪವೂ ನೇರ ಮುಂದಿನಿಂದ ಹಿಡಿದು ತನ್ನ ಮಗ್ಗುಲಿಗೆ 112.5 ಡಿಗ್ರಿಯಷ್ಟು ಮಾತ್ರ ಕಾಣಬೇಕು. ಹಿಂದೆ ಒಂದು ಬಿಳಿ ದೀಪ, 135 ಡಿಗ್ರಿ. ಮೂರನ್ನೂ ಕೂಡಿಸಿದರೆ ಸರಿಯಾಗಿ ಒಂದು ಸುತ್ತು.

ಎರಡು ಹಡಗುಗಳ ದಾರಿ ಅಡ್ಡ ಬಂದರೆ, ಇನ್ನೊಂದು ಹಡಗು ಯಾರ ಬಲಮಗ್ಗುಲಲ್ಲಿದೆಯೋ ಅವರು ದಾರಿ ಬಿಡಬೇಕು. ಯಂತ್ರದಿಂದ ನಡೆಯುವ ಹಡಗುಗಳಿಗೆ ಇದು ನಿಯಮ. ನಮ್ಮ ಬಲದಿಂದ ಅಡ್ಡ ಬರುವ ಹಡಗು ನಮಗೆ ತೋರಿಸುವುದು ತನ್ನ ಎಡಮಗ್ಗುಲನ್ನು, ಅಂದರೆ ಕೆಂಪು ದೀಪವನ್ನು. ಕಗ್ಗತ್ತಲಲ್ಲಿ ಹಡಗಿನ ಆಕಾರ ಏನೂ ಕಾಣುವುದಿಲ್ಲ, ಒಂದು ಕೆಂಪು ಚುಕ್ಕೆ ಅಷ್ಟೇ. ಅದು ಬಲಕ್ಕೆ ಕಂಡರೆ ದಾರಿ ಬಿಡಬೇಕಾದವನು ನಾನು. ಎಷ್ಟೋ ರಾತ್ರಿ ಆ ಒಂದು ಚುಕ್ಕೆಯನ್ನೇ ನೋಡುತ್ತಾ ನಿಂತಿದ್ದೇನೆ. ವಿಮಾನದ ರೆಕ್ಕೆಗಳ ತುದಿಯಲ್ಲೂ ಇದೇ ಲೆಕ್ಕ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು.

ಕೂವೆಮರ

ಹಾಗಾದರೆ ಶ್ರೀಮಂತ ಠೀವಿಗೆ ಹೇಳುವ 'ಪಾಶ್' (POSH) ಅನ್ನುವ ಪದ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಅನ್ನುವುದರ ಮೊದಲಕ್ಷರಗಳು ಸೇರಿ ಆದದ್ದು ಅನ್ನುವುದು? ಹೋಗುವಾಗ ಎಡಗಡೆ ಕೋಣೆ, ಬರುವಾಗ ಬಲಗಡೆ ಕೋಣೆ, ಬಿಸಿಲು ತಾಗಬಾರದು ಅಂತ ಶ್ರೀಮಂತರು ಹಾಗೆ ಟಿಕೆಟ್ ಕೊಳ್ಳುತ್ತಿದ್ದರಂತೆ.

ನುಡಿಗಂಟು

ಅದು ಕಟ್ಟುಕಥೆ. ಆ ನಾಲ್ಕು ಅಕ್ಷರ ಒತ್ತಿದ ಒಂದೇ ಒಂದು ಟಿಕೆಟ್ ಇವತ್ತಿನವರೆಗೆ ಸಿಕ್ಕಿಲ್ಲ. ಕೇಳಲು ಚೆಂದ ಇರುವ ವಿವರಣೆಯನ್ನೇ ಜಾಸ್ತಿ ಅನುಮಾನಿಸಬೇಕು, ನಕ್ಷತ್ರದ ಹಲಗೆಯ ಹಾಗೆ.

ಇದರ ಜೊತೆ ಇನ್ನೊಂದು ವಿಷಯ. ಮೆಡಿಟರೇನಿಯನ್ ಕಡಲಿನ ಹಳೆಯ ರೋಮನ್ ಹಡಗುಗಳಲ್ಲಿ ಚುಕ್ಕಾಣಿ ಹುಟ್ಟು ಎರಡಿದ್ದವು, ಹಿಂದೆ ಎಡಕ್ಕೊಂದು ಬಲಕ್ಕೊಂದು. ಎರಡೂ ಕಡೆ ಇದ್ದ ಮೇಲೆ ಒಂದು ಕಡೆಗೆ ಮಾತ್ರ ಚುಕ್ಕಾಣಿ ಮಗ್ಗುಲು ಅಂತ ಹೆಸರಿಡಲು ಕಾರಣವೇ ಇಲ್ಲ. ಇಟಲಿಯ ನಾವಿಕರು ಇವತ್ತಿಗೂ ಬಲ, ಎಡ ಅನ್ನುವ ಅರ್ಥದ 'ದ್ರಿತ್ತ', 'ಸಿನಿಸ್ತ್ರ' ಬಳಸುತ್ತಾರೆ. ಫ್ರೆಂಚರ 'ತ್ರಿಬೋರ್' ಮತ್ತು ಸ್ಪೇನಿನವರ 'ಎಸ್ತ್ರಿಬೋರ್' ಉತ್ತರದ ಕಡಲಿನವರಿಂದ ಪಡೆದ ಸಾಲ. ಹಡಗಿನ ಮೈಯಲ್ಲಿ ಏನಿತ್ತೋ ಅದೇ ಬಾಯಲ್ಲೂ ಇತ್ತು ಅಂತ ನನಗೆ ಅನ್ನಿಸುತ್ತದೆ.

ಮರಗೆಲಸ

ವೆನಿಸ್ಸಿನ ಗೊಂಡೋಲಾ ನೆನಪಾಯಿತು. ಅದರಲ್ಲಿ ಒಂದೇ ಹುಟ್ಟು, ಬಲಗಡೆ. ಹಾಕಿದ ಹಾಗೆಲ್ಲ ದೋಣಿ ಎಡಕ್ಕೆ ಎಳೆಯುತ್ತದಲ್ಲ, ಅದನ್ನು ಸರಿದೂಗಿಸಲು ದೋಣಿಯ ಮೈಯನ್ನೇ ಸೊಟ್ಟ ಮಾಡಿದ್ದಾರೆ. ಎಡಮಗ್ಗುಲು ಬಲಮಗ್ಗುಲಿಗಿಂತ 24 ಸೆಂಟಿಮೀಟರ್ ಅಗಲ. ಒಂದು ಹುಟ್ಟಿಗಾಗಿ ಇಡೀ ದೋಣಿ ಬಾಗಿದೆ.

ಕೂವೆಮರ

ಹಡಗಿನ ಬೇರೆ ಭಾಗಗಳ ಹೆಸರುಗಳೂ ಹೀಗೇ ಇವೆಯಾ? ಸ್ಟರ್ನ್, ಗನ್‌ವೇಲ್, ಪೂಪ್ ಇವೆಲ್ಲ?

ನುಡಿಗಂಟು

ಸ್ಟರ್ನ್ ಅಂದರೆ ಹಡಗಿನ ಹಿಂಭಾಗ. ಇದು ಸ್ಟಾರ್‌ಬೋರ್ಡಿನ ಒಡಹುಟ್ಟು. ನಾರ್ಸ್ ಭಾಷೆಯ ಸ್ಟ್ಯೋರ್ನ್, ಚುಕ್ಕಾಣಿ ಹಿಡಿಯುವುದು, ಅದರಿಂದ ಬಂದದ್ದು. ಚುಕ್ಕಾಣಿ ಇರುವ ತುದಿ. ಗನ್‌ವೇಲ್ ಅಂದರೆ ದೋಣಿಯ ಮೇಲಂಚು. ವೇಲ್ ಅಂದರೆ ಮೈಯುದ್ದಕ್ಕೂ ಬಡಿದ ದಪ್ಪ ಪಟ್ಟಿ, ಅದರ ಮೇಲೆ ತೋಪು ಕೂರಿಸುತ್ತಿದ್ದರಿಂದ ಗನ್ ಸೇರಿತು. ಹೇಳುವಾಗ 'ಗನಲ್' ಅನ್ನುತ್ತಾರೆ, ತೋಪಿಲ್ಲದ ಪುಟ್ಟ ದೋಣಿಗೂ ಅದೇ ಹೆಸರು. ಪೂಪ್ ಲ್ಯಾಟಿನಿನ 'ಪುಪ್ಪಿಸ್', ಹಿಂಭಾಗ ಅಂತ ಅಷ್ಟೇ.

ಇನ್ನು ನಮ್ಮ 'ಚುಕ್ಕಾಣಿ'. ಇದೂ ಕಡಲು ದಾಟಿ ಬಂದ ಪದವೇ. ಅರಬ್ಬಿಯಲ್ಲಿ 'ಸುಕ್ಕಾನ್' ಅಂದರೆ ಚುಕ್ಕಾಣಿ. ಮರಾಠಿಯಲ್ಲಿ ಸುಕಾಣು, ತಮಿಳಿನಲ್ಲಿ ಸುಕ್ಕಾನ್, ಮಲಯಾಳದಲ್ಲಿ ಚುಕ್ಕಾನ್. ಲಂಗರು ಪಾರಸಿಯಿಂದ ಬಂತು. ಹುಟ್ಟು, ಹಾಯಿ, ಕೂವೆ ನಮ್ಮವೇ. ಕಡಲಿನ ಪದಗಳಿಗೆ ಗಡಿ ಇಲ್ಲ, ಹಡಗು ನಿಂತ ಕಡೆಯೆಲ್ಲ ಇಳಿದುಬಿಡುತ್ತವೆ.

'ಅಧಿಕಾರದ ಚುಕ್ಕಾಣಿ ಹಿಡಿದರು' ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವಲ್ಲ, ಅದಕ್ಕೂ ಜೊತೆ ಇದೆ. ಗ್ರೀಕಿನಲ್ಲಿ ಚುಕ್ಕಾಣಿ ಹಿಡಿಯುವುದಕ್ಕಿದ್ದ ಪದ ಲ್ಯಾಟಿನಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು 'ಗವರ್ನ್‌ಮೆಂಟ್' ಆಯಿತು. ದೋಣಿ ಕಂಡ ಜನ ಎಲ್ಲೇ ಇರಲಿ, ಆಳುವುದನ್ನು ಚುಕ್ಕಾಣಿಗೆ ಹೋಲಿಸಿದ್ದಾರೆ.

ಪದಬೇಟೆ

ಇಷ್ಟು ಕೇಳಿದ ಮೇಲೆ 'ಬಲಗಡೆ' ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಸ್ಟಾರ್‌ಬೋರ್ಡ್ ಅಂತಲೇ ಉಳಿಸಿದರೆ ಓದುವವರಿಗೆ ನಕ್ಷತ್ರವೇ ನೆನಪಾಗುತ್ತದೆ. 'ಚುಕ್ಕಾಣಿ ಮಗ್ಗುಲು' ಅಂದರೆ ಹೇಗೆ? ಎಡಕ್ಕೆ 'ದಡದ ಮಗ್ಗುಲು'?

ಹಳೇದೋಣಿ

ಕೂಗಿ ನೋಡಿ. ಗಾಳಿಯಲ್ಲಿ ಕೂಗಬೇಕಾದ ಪದ ಚಿಕ್ಕದಿರಬೇಕು. ಆಜ್ಞೆಯ ಮಾತು ಬರುವ ಕಡೆ ಸ್ಟಾರ್‌ಬೋರ್ಡ್, ಪೋರ್ಟ್ ಅಂತಲೇ ಇಡಿ, ಬೇರೆ ಬೇರೆ ಭಾಷೆಯವರು ಒಟ್ಟಿಗೆ ಕೆಲಸ ಮಾಡುವ ಹಡಗಿನ ಮೇಲೆ ಆಜ್ಞೆಗೆ ಅವೇ ಪದ. 'ದಡದ ಮಗ್ಗುಲು' ಬೇಡ. ಹಡಗು ದಡವನ್ನು ಬಲಕ್ಕೆ ಇಟ್ಟುಕೊಂಡು ಹೋಗುವಾಗ ಏನು ಮಾಡುತ್ತೀರಿ? ಆಗ ದಡದ ಮಗ್ಗುಲು ಕಡಲಿನ ಕಡೆ ಆಗುತ್ತದೆ.

ಮರಗೆಲಸ

ಆ ಮಾತು ಸರಿ. ವರ್ಣನೆ ಬರುವ ಕಡೆ 'ಹಡಗಿನ ಬಲಮಗ್ಗುಲು' ಅಂದರೆ ಸಾಕು. 'ಹಡಗಿನ' ಅನ್ನುವುದನ್ನು ಮಾತ್ರ ಬಿಡಬೇಡಿ. ಮಗ್ಗುಲು ಅನ್ನುವುದು ಚೆಂದದ ಪದ, ಮೈ ಇರುವುದಕ್ಕೆ ಮಾತ್ರ ಮಗ್ಗುಲು ಇರುತ್ತದೆ. ಆಗ ಬಲ ಯಾರದ್ದು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಪದಬೇಟೆ

ಹಾಗೇ ಮಾಡುತ್ತೇನೆ. ನಲವತ್ತು ಪುಟವನ್ನೂ ಮತ್ತೆ ತಿದ್ದಬೇಕು. ಆ ದೃಶ್ಯ ಈಗ ಹೀಗಿದೆ: 'ಅವನು ಹಿಂದಕ್ಕೆ ತಿರುಗಿ ನಿಂತಿದ್ದ. ಅಲೆ ಬಡಿಯಿತು. ಎಡಗೈ ಚಾಚಿ ಹಡಗಿನ ಬಲಮಗ್ಗುಲ ಕಟಕಟೆ ಹಿಡಿದುಕೊಂಡ.'

'ಚುಕ್ಕಾಣಿ ಮಗ್ಗುಲು' ಬಿಡಲು ಮನಸ್ಸಾಗದೆ ಓಹ್ತೆರೆಯ ಆ ಒಂದು ಮಾತನ್ನು ನನಗೋಸ್ಕರ ಕನ್ನಡಕ್ಕೆ ತಂದುಕೊಂಡೆ. ಅವನ ಕಾಲಕ್ಕೆ ಚುಕ್ಕಾಣಿ ನಿಜವಾಗಿಯೂ ಅಲ್ಲೇ ಇತ್ತಲ್ಲ. 'ಮೂರು ದಿನ ಬರಡು ನೆಲ ಚುಕ್ಕಾಣಿ ಮಗ್ಗುಲಲ್ಲೂ ತೆರೆದ ಕಡಲು ಬೆನ್ನ ಮಗ್ಗುಲಲ್ಲೂ ಇದ್ದವು.'

ನುಡಿಗಂಟು

'ಮೂರು ದಿನವೂ' ಅಂತ ಮಾಡಿ. ಅವನು 'ದಾರಿಯುದ್ದಕ್ಕೂ' ಅಂತ ಒತ್ತಿ ಹೇಳುತ್ತಾನೆ, ಆ ಒತ್ತು ಬಿಟ್ಟುಹೋಗಬಾರದು. ಉಳಿದದ್ದು ಹಾಗೇ ಇರಲಿ.